ಕುಡಗೋಲಿಗೂ ಲೈಸನ್ಸ್ ಬೇಕೇನ್ರಿ?

ಹಬ್ಬ, ಚುನಾವಣೆ, ದೊಡ್ಡ ಮೆರವಣಿಗೆ ಹತ್ತಿರ ಬಂದರೆ ಸಾಕು, ಬೆಳಗಾವಿ, ಬಾಗಲಕೋಟೆ, ವಿಜಯಪುರದ ಜಿಲ್ಲಾ ಪುಟಗಳಲ್ಲಿ ನಿಷೇಧಾಜ್ಞೆಯ ಪ್ರಕಟಣೆ ಕಾಣಿಸಿಕೊಳ್ಳುತ್ತದೆ. ದೊಣ್ಣೆ, ಕತ್ತಿ, ಈಟಿ, ಗದೆ, ಬಂದೂಕು, ಚೂರಿ, ಲಾಠಿ ಹಿಡಿದು ತಿರುಗಾಡುವಂತಿಲ್ಲ ಎಂದು ಉದ್ದದ ಪಟ್ಟಿ. ಈ ಕಾಲದಲ್ಲಿ ಗದೆ ಹಿಡಿದು ಯಾರು ಓಡಾಡುತ್ತಾರೆ ಅಂತ ಓದಿದವರು ನಗುತ್ತಾರೆ. ಪಟ್ಟಿಯ ತುದಿಯಲ್ಲಿ ಇನ್ನೊಂದು ಸಾಲು ಇರುತ್ತದೆ: ದೈಹಿಕ ಹಿಂಸೆಗೆ ಬಳಸಬಹುದಾದ ಬೇರೆ ಯಾವುದೇ ವಸ್ತು. ಅಲ್ಲಿಗೆ ಬಂದಾಗ ನಗು ಸ್ವಲ್ಪ ಕಡಿಮೆಯಾಗುತ್ತದೆ.

ಇದರ ಜೊತೆಗೆ ಇನ್ನೊಂದು ಬಗೆಯ ಸುದ್ದಿಯೂ ಬರುತ್ತಿರುತ್ತದೆ. ಹುಟ್ಟುಹಬ್ಬದ ಕೇಕನ್ನು ತಲವಾರಿನಿಂದ ಕತ್ತರಿಸಿ, ವಿಡಿಯೊ ಹರಿಯಬಿಟ್ಟು, ಮರುದಿನ ಠಾಣೆಯಲ್ಲಿ ಕೈಕಟ್ಟಿ ನಿಂತ ಹುಡುಗರ ಸುದ್ದಿ. ಎರಡನ್ನೂ ಒಟ್ಟಿಗೆ ಓದಿದವರಿಗೆ ಗೊಂದಲ ಆಗುವುದು ಸಹಜ. ತಲವಾರು ಅಪರಾಧ ಅಂದರೆ ಅದಕ್ಕಿಂತ ಹರಿತವಾದ, ಕಬ್ಬು ಕಡಿಯುವ ನಮ್ಮ ಕೊಯ್ತಾ ಏನು? ಚೂರಿ ಒಯ್ಯುವಂತಿಲ್ಲ ಅಂದರೆ ಎಳನೀರು ಮಾರುವವರ ಮಚ್ಚು ಏನು? ಹಂಗಾದ್ರೆ ಕುಡಗೋಲಿಗೂ ಲೈಸನ್ಸ್ ಮಾಡಸಬೇಕೇನ್ರಿ ಅನ್ನುವುದು ಚಹಾದಂಗಡಿಯ ಕುಶಾಲಿನ ಮಾತು. ಆದರೆ ಅದನ್ನು ಸುಮ್ನೆ ನಕ್ಕು ಬಿಡುವ ಹಾಗಿಲ್ಲ. ಆ ಕುಶಾಲನ್ನು ಹಿಡಿದುಕೊಂಡು ಹೋದರೆ ನಮ್ಮ ಶಸ್ತ್ರ ಕಾನೂನು ಎಲ್ಲಿ ಗಟ್ಟಿ, ಎಲ್ಲಿ ಸಡಿಲ ಎಂಬುದು ಚೆನ್ನಾಗಿ ಕಾಣುತ್ತದೆ.

ಎರಡು ಕಾನೂನು, ಒಂದು ಗೊಂದಲ

ಮೊದಲು ಎರಡು ಬೇರೆ ಬೇರೆ ವಿಷಯಗಳನ್ನು ಬಿಡಿಸಿಕೊಳ್ಳೋಣ. ಜಿಲ್ಲಾ ಪುಟದ ಪ್ರಕಟಣೆಗೂ ಲೈಸನ್ಸಿಗೂ ನೇರ ಸಂಬಂಧ ಇಲ್ಲ.

ಪ್ರಕಟಣೆ ಬರುವುದು 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 35ನೇ ಕಲಂ ಕೆಳಗೆ. ಇಲ್ಲವೇ ಹಳೆಯ 144ನೇ ಕಲಂ, ಅಂದರೆ ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ ಕೆಳಗೆ. ಇದು ಇಂತಿಷ್ಟು ದಿನ, ಇಂಥ ಜಾಗಕ್ಕೆ ಅಂತ ಹೊರಡಿಸುವ ತಾತ್ಕಾಲಿಕ ಆದೇಶ. ನಿಮ್ಮ ಮನೆಯಲ್ಲಿ ಏನಿದೆ ಎಂಬುದನ್ನು ಅದು ಕೇಳುವುದಿಲ್ಲ. ಬೀದಿಯಲ್ಲಿ ಏನು ಹಿಡಿದು ಓಡಾಡುತ್ತೀರಿ ಎಂಬುದಷ್ಟೇ ಅದರ ಚಿಂತೆ.

ಲೈಸನ್ಸ್ ಬರುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಿಂದ. ಅದು ಜಾರಿಗೆ ಬಂದದ್ದು 1962ರ ಅಕ್ಟೋಬರ್ 1ರಂದು. ವಿವರಗಳೆಲ್ಲ 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿವೆ. ಈ ಕಾನೂನಿಗೆ ಬೀದಿಯೂ ಒಂದೇ, ಮನೆಯೂ ಒಂದೇ. ಲೈಸನ್ಸ್ ಇಲ್ಲದ ಬಂದೂಕು ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದರೂ ಅಪರಾಧವೇ.

ಹಾಗಾದರೆ ಕುಡಗೋಲು? ಕಾಯ್ದೆಯ ವ್ಯಾಖ್ಯೆಯಲ್ಲೇ ಉತ್ತರ ಇದೆ. ಹೊಡೆಯಲು ಅಥವಾ ತಡೆಯಲು ಆಯುಧವಾಗಿ ರೂಪಿಸಿದ, ಅಥವಾ ಹಾಗೆ ಮಾರ್ಪಡಿಸಿದ ವಸ್ತು ಶಸ್ತ್ರ. ಹರಿತವಾದ ಮಾರಕ ಆಯುಧಗಳೂ ಇದರಲ್ಲಿ ಸೇರುತ್ತವೆ. ಆದರೆ ಕೇವಲ ಮನೆಬಳಕೆಗೆ ಅಥವಾ ಒಕ್ಕಲುತನಕ್ಕೆ ಅಂತಲೇ ಮಾಡಿದ ವಸ್ತುಗಳು ಸೇರುವುದಿಲ್ಲ. ಉದಾಹರಣೆಗೆ ಲಾಠಿ, ಸಾದಾ ಊರುಗೋಲು ಎಂದು ಕಾಯ್ದೆಯೇ ಹೆಸರು ಹೇಳುತ್ತದೆ. ಆಟಿಕೆಗಳಿಗೂ ವಿನಾಯಿತಿ ಇದೆ.

ಅಂದರೆ ಕುಡಗೋಲಿಗೆ ಲೈಸನ್ಸ್ ಬೇಡ. ಕೊಡ್ಲಿಗೂ ಬೇಡ, ಈಳಿಗೆಗೂ ಬೇಡ. ಲೇಖನ ಇಲ್ಲಿಗೇ ಮುಗಿಯಬಹುದಿತ್ತು. ಮುಗಿಯದಂತೆ ಮಾಡಿದ್ದು ‘ಕೇವಲ’ ಎಂಬ ಆ ಒಂದು ಪದ.

ಕೊಯ್ತಾದ ಮೇಲೆ ಸ್ಕೇಲ್ ಇಟ್ಟರೆ

2016ರ ನಿಯಮಗಳ ಮೊದಲ ಅನುಸೂಚಿಯಲ್ಲಿ ಬಂದೂಕಲ್ಲದ ಶಸ್ತ್ರಗಳದ್ದೇ ಒಂದು ಪಟ್ಟಿ ಇದೆ. ತಲವಾರು, ಗುಪ್ತಿ, ಬಾಕು, ಈಟಿ, ಯುದ್ಧದ ಕೊಡಲಿ, ಕಿರ್ಪಾಣ, ಖುಕ್ರಿ. ಜೊತೆಗೆ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಇಂಥ ಆಯುಧಗಳು. ಮನೆ, ಕೃಷಿ, ವಿಜ್ಞಾನ, ಕೈಗಾರಿಕೆಯ ಕೆಲಸಕ್ಕೆ ಮಾಡಿದವು ಮಾತ್ರ ಹೊರಗೆ.

ಈಗ ಒಂದು ಕೊಯ್ತಾ ತೆಗೆದುಕೊಳ್ಳಿ. ಗಡಿ ಭಾಗದಲ್ಲಿ ಕಬ್ಬು ಕಡಿಯುವ ಕತ್ತಿಗೆ ಇದೇ ಹೆಸರು. ಬುಡದಲ್ಲಿ ಸಕ್ಕರೆ ಅಂಶ ಜಾಸ್ತಿ ಇರುವುದರಿಂದ ಕಬ್ಬನ್ನು ನೆಲಕ್ಕೆ ಹತ್ತಿರ ಕಡಿಯಬೇಕು. ಒಂದೇ ಏಟಿಗೆ ತುಂಡಾಗಬೇಕು. ಆಮೇಲೆ ಅದೇ ಕತ್ತಿಯಿಂದ ರವದಿ, ಅಂದರೆ ಒಣಗಿದ ಗರಿ, ಸವರಬೇಕು, ತುದಿ ಹಾರಿಸಬೇಕು. ದಿನಕ್ಕೆ ಸಾವಿರಾರು ಸಲ ಎತ್ತಿ ಇಳಿಸುವ ಕೆಲಸ. ಹೀಗಾಗಿ ಅಲಗು ಅಗಲ ಇರಬೇಕು, ತೂಕ ಮುಂದಕ್ಕೆ ಬೀಳಬೇಕು. ಸ್ಕೇಲ್ ಇಟ್ಟು ಅಳೆದರೆ 2 ಇಂಚಿನ ಗೆರೆ ಆರಾಮಾಗಿ ದಾಟುತ್ತದೆ. ಅಳತೆ ಒಂದನ್ನೇ ನೋಡಿದರೆ ಕೊಯ್ತಾ ಶಸ್ತ್ರ. ಅದನ್ನು ಕಾಪಾಡುವುದು ಅದರ ಕೆಲಸ.

ಹಳ್ಳಿಯ ಕಮ್ಮಾರಸಾಲೆಯಲ್ಲಿ ಈ ಕಷ್ಟ ಇನ್ನೂ ಚೆನ್ನಾಗಿ ಕಾಣುತ್ತದೆ. ಲಾರಿಯ ಹಳೆಯ ಕಮಾನು ಪಟ್ಟಿಯ ಒಂದು ತುಂಡು ಕುಲುಮೆಯಲ್ಲಿ ಕೆಂಪಾಗುತ್ತದೆ. ನಾಲ್ಕು ಏಟು ಈ ಕಡೆ ಬಿದ್ದರೆ ಕುಡಗೋಲು, ಆ ಕಡೆ ಬಿದ್ದರೆ ಮಚ್ಚು, ನೆಟ್ಟಗೆ ಬಡಿದು ಎರಡೂ ಅಂಚು ಸಾಣೆ ಹಿಡಿದರೆ ಬಾಕು. ಕಬ್ಬಿಣ ಒಂದೇ, ಬೆಂಕಿ ಒಂದೇ, ಸುತ್ತಿಗೆಯೂ ಒಂದೇ. ಯಾವುದಕ್ಕೂ ನಂಬರ್ ಇಲ್ಲ, ಮುದ್ರೆ ಇಲ್ಲ, ರಸೀದಿ ಕೇಳುವವರೂ ಇಲ್ಲ.

ಎಳನೀರಿನ ಮಚ್ಚು ಯಾವ ಖಾನೆಗೆ ಸೇರುತ್ತದೆ ಅಂತ ಕೇಳಿಕೊಳ್ಳಿ. ಮನೆಬಳಕೆಯೇ? ಅದು ಬೀದಿಯಲ್ಲಿದೆ. ಕೃಷಿಯೇ? ಕಾಯಿ ಮರದಿಂದ ಇಳಿದು ಎಷ್ಟೋ ದಿನವಾಯಿತು. ಕೈಗಾರಿಕೆಯೇ? ಸೈಕಲ್ ಮೇಲೆ ಜೋತುಬಿದ್ದ ಹತ್ತಿಪ್ಪತ್ತು ಕಾಯಿಗಳನ್ನು ಕೈಗಾರಿಕೆ ಅನ್ನುವುದು ಹೇಗೆ? ಯಾವ ಪೊಲೀಸರೂ ಅವರನ್ನು ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಹಿಡಿಯುವುದಿಲ್ಲ, ಹಿಡಿಯಲೂಬಾರದು. ಆದರೆ ಅವರನ್ನು ಅಲ್ಲಿ ಕಾಪಾಡುತ್ತಿರುವುದು ಕಾನೂನಿನ ಅಕ್ಷರಕ್ಕಿಂತ ಊರಿನ ಸಾಮಾನ್ಯ ತಿಳಿವಳಿಕೆ.

ತಲವಾರಿನ ವಿಷಯದಲ್ಲೂ ಒಂದು ತೊಡಕಿದೆ. ಬಂದೂಕಿಗೆ ದೇಶವಿಡೀ ಲೈಸನ್ಸ್ ಬೇಕು. ಹರಿತ ಆಯುಧಗಳಿಗೆ ಹಾಗಿಲ್ಲ. ಕಾಯ್ದೆಯ 4ನೇ ಕಲಂ ಪ್ರಕಾರ ಇಂಥ ಪ್ರದೇಶದಲ್ಲಿ ಇಂಥ ಆಯುಧಕ್ಕೆ ಲೈಸನ್ಸ್ ಕಡ್ಡಾಯ ಅಂತ ಅಧಿಸೂಚನೆ ಇರಬೇಕು. ಅಧಿಸೂಚನೆ ಇರುವ ಕಡೆ ಲೈಸನ್ಸ್ ಇಲ್ಲದೆ ಸಿಕ್ಕಿಬಿದ್ದರೆ 1ರಿಂದ 3 ವರ್ಷ ಜೈಲು, ಜೊತೆಗೆ ದಂಡ. ಹೀಗಾಗಿ ಕೇಕ್ ಕತ್ತರಿಸಿದ ಪ್ರಕರಣ ಕೋರ್ಟಿಗೆ ಹೋದಾಗ ವಕೀಲರು ಕೇಳುವ ಮೊದಲ ಪ್ರಶ್ನೆ ತಲವಾರು ಎಷ್ಟು ಹರಿತ ಅನ್ನುವುದಲ್ಲ. ಅಧಿಸೂಚನೆ ಎಲ್ಲಿದೆ, ತೋರಿಸಿ ಅನ್ನುವುದು.

ಒಂದು ಅಣಕ ಅರ್ಜಿ

ಈಗ ಕುಶಾಲನ್ನು ಪೂರ್ತಿ ಮಾಡೋಣ. ಬಂದೂಕಿಗೆ ಇರುವ ನಿಯಮಗಳನ್ನು ಹಾಗೇ ಎತ್ತಿ ಕೊಯ್ತಾಗೆ ಹಚ್ಚಿ ನೋಡೋಣ. ನಿಯಮಗಳು ನಿಜ. ಅರ್ಜಿದಾರರು ಮಾತ್ರ ಕಲ್ಪನೆ. ಇಂಡಿ ತಾಲ್ಲೂಕಿನ ಒಂದು ಕಬ್ಬಿನ ಗ್ಯಾಂಗ್, 20 ಜನ, ಅವರನ್ನು ಕೆಲಸಕ್ಕೆ ಕರೆದೊಯ್ಯುವ ಒಬ್ಬ ಮುಕಾದಮ್.

ದಸರೆಯಲ್ಲಿ ಖಂಡೇಪೂಜೆ ಮುಗಿಸಿ ಎಲ್ಲರೂ ಎ-1 ನಮೂನೆಯಲ್ಲಿ ಅರ್ಜಿ ಹಾಕುತ್ತಾರೆ. ಜೊತೆಗೆ ಫೋಟೊ, ಗುರುತಿನ ಚೀಟಿ, ವೈದ್ಯರ ಪ್ರಮಾಣಪತ್ರ, ಶಸ್ತ್ರವನ್ನು ಸುರಕ್ಷಿತವಾಗಿ ಬಳಸಲು ತರಬೇತಿ ಪಡೆದ ಪ್ರಮಾಣಪತ್ರ. ಕೊಯ್ತಾ ಹಿಡಿಯಲು ಹತ್ತು ವರ್ಷದಿಂದ ಗೊತ್ತಿದ್ದವರಿಗೆ ಕೊಯ್ತಾ ಹಿಡಿಯುವ ತರಬೇತಿ. ಕೊಡುವವರು ಯಾರು ಎಂಬುದನ್ನು ಅಣಕಕ್ಕೇ ಬಿಡೋಣ.

ಆಯುಧ ಯಾಕೆ ಬೇಕು ಎಂದು ನಮೂನೆ ಕೇಳುತ್ತದೆ. ಆತ್ಮರಕ್ಷಣೆ, ಕ್ರೀಡೆ, ಬೆಳೆ ರಕ್ಷಣೆ ಅಂತ ಬರೆಯಬಹುದು. ಬೆಳೆ ಕಟಾವು ಎಂಬ ಕಾರಣವನ್ನು ಬಂದೂಕಿನ ನಿಯಮ ಯೋಚಿಸಿಯೇ ಇಲ್ಲ. ಗ್ಯಾಂಗಿನಲ್ಲಿ 19, 20 ವರ್ಷದವರು ನಾಲ್ಕು ಜನ ಇದ್ದಾರೆ ಅಂದುಕೊಳ್ಳಿ. ಅವರು ಅಲ್ಲೇ ಹೊರಬೀಳುತ್ತಾರೆ, ಯಾಕೆಂದರೆ ಬಂದೂಕು ಇಟ್ಟುಕೊಳ್ಳಲು 21 ತುಂಬಿರಬೇಕು. ಮತ ಹಾಕಬಹುದು, ಕಬ್ಬು ಕಡಿಯುವಂತಿಲ್ಲ.

ಪೊಲೀಸ್ ವರದಿಗೆ 30 ದಿನ. ವರದಿ ಬಂದ ಮೇಲೆ ತೀರ್ಮಾನಕ್ಕೆ 60 ದಿನ. ಎಲ್ಲವೂ ಗಡುವಿನೊಳಗೇ ಆಯಿತು ಅಂದುಕೊಂಡರೂ ದಸರೆಯಲ್ಲಿ ಹಾಕಿದ ಅರ್ಜಿಗೆ ಉತ್ತರ ಬರುವ ಹೊತ್ತಿಗೆ ಸಂಕ್ರಾಂತಿ ಎದುರಿಗಿರುತ್ತದೆ. ಅಷ್ಟರಲ್ಲಿ ಕಾರ್ಖಾನೆಗಳು ಶುರುವಾಗಿ ಎರಡು ತಿಂಗಳಾಗಿರುತ್ತದೆ. ಹೊಲದ ಕಬ್ಬಿನಲ್ಲಿ ಹೂ ಬಂದಿರುತ್ತದೆ.

ಲೈಸನ್ಸ್ ಸಿಕ್ಕಿತು ಅನ್ನಿ. ಅದಕ್ಕೆ ವ್ಯಾಪ್ತಿ ಎಂಬುದೊಂದು ಇರುತ್ತದೆ. ಯಾವ ಪ್ರದೇಶಕ್ಕೆ ಕೊಟ್ಟಿದ್ದಾರೋ ಅಲ್ಲಿ ಮಾತ್ರ ನಡೆಯುತ್ತದೆ. ವಿಜಯಪುರದ ಗ್ಯಾಂಗುಗಳು ದುಡಿಯುವುದು ಬೆಳಗಾವಿ, ಬಾಗಲಕೋಟೆಯ ಹೊಲಗಳಲ್ಲಿ, ಗಡಿ ದಾಟಿ ಸಾಂಗಲಿ, ಕೊಲ್ಹಾಪುರದಲ್ಲಿ. ರಾಜ್ಯದ ಗಡಿ ಬಂದಾಗ ಟ್ರ್ಯಾಕ್ಟರ್ ನಿಲ್ಲಿಸಿ, ವ್ಯಾಪ್ತಿ ವಿಸ್ತರಣೆಗೆ ಇನ್ನೊಂದು ಅರ್ಜಿ.

ಇಲ್ಲಿಯವರೆಗೆ ಇದು ಬರೀ ಓಡಾಟದ ಕಷ್ಟ. ನಿಜವಾದ ಫಜೀತಿ ಮನೆಯೊಳಗೆ.

2019ರ ತಿದ್ದುಪಡಿಗೆ ಮುಂಚೆ ಒಬ್ಬರು 3 ಬಂದೂಕು ಇಟ್ಟುಕೊಳ್ಳಬಹುದಿತ್ತು. ಈಗ 2. ಈ ಲೆಕ್ಕವನ್ನು ಒಬ್ಬ ರೈತರ ಮನೆಗೆ ಹಚ್ಚಿ. ಬಾಗಿಲ ಹಿಂದೆ ಕೊಡ್ಲಿ. ಗೋಡೆಯ ಸಂದಿಯಲ್ಲಿ ಎರಡು ಕುಡಗೋಲು, ಒಂದು ಹೊಸದು, ಒಂದು ಹಲ್ಲು ಸವೆದದ್ದು. ಕಸ ತೆಗೆಯುವ ಕುರ್ಪಿ. ಕೊಟ್ಟಿಗೆಯಲ್ಲಿ ಮೇವು ಕತ್ತರಿಸುವ ಕತ್ತಿ. ಅಡುಗೆಮನೆಯಲ್ಲಿ ಈಳಿಗೆ. ದ್ರಾಕ್ಷಿ ತೋಟ ಇದ್ದರೆ ಚಾಟ್ನಿ ಮಾಡುವ, ಅಂದರೆ ಬಳ್ಳಿ ಸವರುವ ಕತ್ತರಿಗಳು ಬೇರೆ. ಎರಡನ್ನು ಆರಿಸಿಕೊಂಡು ಉಳಿದದ್ದನ್ನು ಠಾಣೆಗೆ ಕೊಟ್ಟು ಬನ್ನಿ ಅಂದರೆ ಆ ಮನೆಯಲ್ಲಿ ಒಲೆ ಉರಿಯಬೇಕೋ, ಎಮ್ಮೆ ಮೇಯಬೇಕೋ ಅಂತ ಪಂಚಾಯ್ತಿ ಶುರುವಾಗುತ್ತದೆ.

ಇನ್ನು ಕಡ ಕೊಡುವ ವಿಷಯ. ಕಾಯ್ದೆಯಲ್ಲಿ ‘ವರ್ಗಾವಣೆ’ ಅಂದರೆ ಮಾರುವುದು ಮಾತ್ರ ಅಲ್ಲ. ಬಾಡಿಗೆಗೆ ಕೊಡುವುದು, ಕಡ ಕೊಡುವುದು, ಸುಮ್ಮನೆ ಕೈಬದಲು ಮಾಡುವುದೂ ಅದರಲ್ಲಿ ಸೇರುತ್ತದೆ. ಬಂದೂಕಿಗೆ ಇದು ಸರಿಯಾದ ನಿಯಮ. ಕೊಡ್ಲಿಗೆ ಹಚ್ಚಿದರೆ ಓಣಿಯ ಅರ್ಧ ವ್ಯವಹಾರ ಅಪರಾಧವಾಗುತ್ತದೆ. ‘ಅಕ್ಕಾರ, ಒಂದೀಟ ಕೊಡ್ಲಿ ಕೊಡ್ರಿ, ಕಟಗಿ ಒಡದ ತಂದ ಕೊಡ್ತೀನಿ’ ಅಂದವರೂ ಆರೋಪಿ, ‘ಒಯ್ಯಪಾ’ ಅಂದವರೂ ಆರೋಪಿ.

ರಿಪೇರಿಗೂ ಲೈಸನ್ಸ್ ಬೇಕು. ಸೈಕಲ್ ಮೇಲೆ ಸಾಣೆ ಕಲ್ಲು ಹೊತ್ತು ಬರುವವರು ಪರವಾನಗಿ ಹೊಂದಿದ ಶಸ್ತ್ರ ದುರಸ್ತಿಗಾರರು ಆಗಬೇಕು. ಅಲಗಿನ ಮೇಲೆ ನಂಬರ್ ಕೊರೆಸಬೇಕು. ಕಾವು ಮುರಿದು ಹೊಸದು ಹಾಕಿಸಿ, ಮೂರು ವರ್ಷದ ಮೇಲೆ ಅಲಗನ್ನೂ ಬದಲಿಸಿದರೆ ಅದು ಹಳೆಯ ಕುಡಗೋಲೋ ಹೊಸದೋ ಎಂದು ಹೇಳಲು ತಜ್ಞರನ್ನು ಕರೆಸಬೇಕು. ಅಜ್ಜ ತೀರಿಕೊಂಡರೆ ಮಣ್ಣು ಮಾಡಿ ಬಂದ ಮೇಲೆ ಅವರ ಕೊಡ್ಲಿಯನ್ನು ಠಾಣೆಗೆ ಒಪ್ಪಿಸಬೇಕು. ಯಾಕೆಂದರೆ ಲೈಸನ್ಸ್ ಅಜ್ಜನದು, ಕೊಡ್ಲಿಯದಲ್ಲ.

ಹಲಗಲಿಯಲ್ಲಿ ಇದು ಅಣಕ ಆಗಿರಲಿಲ್ಲ

ಇದೆಲ್ಲ ಬರೀ ಕಲ್ಪನೆ ಅನ್ನುವ ಮುಂಚೆ ಮುಧೋಳದ ಕಡೆ ಒಮ್ಮೆ ನೋಡಬೇಕು. 1857ರಲ್ಲಿ ಬ್ರಿಟಿಷರು ನಿಶ್ಶಸ್ತ್ರೀಕರಣದ ಕಾನೂನು ತಂದರು. ಜನ ತಮ್ಮ ಆಯುಧಗಳನ್ನು ಒಪ್ಪಿಸಬೇಕು, ಬೇಕಾದವರು ಪರವಾನಗಿ ಪಡೆಯಬೇಕು ಎಂಬುದು ಹುಕುಂ. ಹಲಗಲಿಯ ಬೇಡರು ಒಪ್ಪಲಿಲ್ಲ. ಆ ವರ್ಷದ ನವೆಂಬರಿನಲ್ಲಿ ಸೈನ್ಯ ಬಂತು, ಊರು ಉರಿಯಿತು. ಡಿಸೆಂಬರಿನಲ್ಲಿ 19 ಜನರನ್ನು ಗಲ್ಲಿಗೇರಿಸಿದರು. ಜಡಗ, ಬಾಲ, ಹನುಮ, ರಾಮ ಅನ್ನುವ ಹೆಸರುಗಳು ಲಾವಣಿಯಲ್ಲಿ ಉಳಿದವು.

ಇದನ್ನು ನಾವು ಶೌರ್ಯದ ಕಥೆಯಾಗಿ ಓದಿದ್ದೇವೆ. ಶೌರ್ಯ ಇದ್ದೇ ಇದೆ. ಅದರ ಒಳಗೆ ಹೊಟ್ಟೆಪಾಡಿನ ಕಥೆಯೂ ಇದೆ. ಬೇಟೆ ಮತ್ತು ಸಿಪಾಯಿಗಿರಿಯಿಂದ ಬದುಕುತ್ತಿದ್ದವರಿಗೆ ಆಯುಧ ಅಂದರೆ ಕಸುಬಿನ ಸಾಮಾನು. ಸರಕಾರದ ಕಣ್ಣಿಗೆ ಶಸ್ತ್ರ, ಹಿಡಿದವರ ಕಣ್ಣಿಗೆ ಅನ್ನದ ದಾರಿ. ನಾವು ಮೇಲೆ ಕೊಯ್ತಾದ ಮೇಲೆ ಮಾಡಿದ ಕುಶಾಲು ಅಲ್ಲಿ ನಿಜವಾಗಿ ನಡೆದಿತ್ತು.

ಮುಂದೆ 1878ರ ಶಸ್ತ್ರಾಸ್ತ್ರ ಕಾಯ್ದೆ ಬಂತು. ಭಾರತೀಯರಿಗೆ ಲೈಸನ್ಸ್, ಯುರೋಪಿಯನ್ನರಿಗೆ ವಿನಾಯಿತಿ. 1930ರಲ್ಲಿ ಗಾಂಧೀಜಿ ವೈಸರಾಯರ ಮುಂದಿಟ್ಟ 11 ಬೇಡಿಕೆಗಳಲ್ಲಿ ಒಂದು ಆತ್ಮರಕ್ಷಣೆಗೆ ಬಂದೂಕಿನ ಪರವಾನಗಿ ಕೊಡಬೇಕು ಎಂಬುದೇ ಆಗಿತ್ತು ಅಂದರೆ ಹಲವರಿಗೆ ಆಶ್ಚರ್ಯ ಆಗಬಹುದು. ಆದರೆ ಅದೇ ಬೇಡಿಕೆಯಲ್ಲಿ ಇನ್ನೊಂದು ಮಾತೂ ಇತ್ತು. ಪರವಾನಗಿ ಜನರ ನಿಯಂತ್ರಣದಲ್ಲಿ ಇರಬೇಕು ಎಂದು. ಲೈಸನ್ಸೇ ಬೇಡ ಎಂದು ಅವರು ಕೇಳಲಿಲ್ಲ.

1959ರ ಕಾಯ್ದೆಯಲ್ಲಿ ಲಾಠಿ ಮತ್ತು ಊರುಗೋಲಿನ ಹೆಸರು ಬರುವುದನ್ನು ಈ ಹಿನ್ನೆಲೆಯಲ್ಲಿ ಓದಬೇಕು. ರೈತರ ಕೈಯಲ್ಲಿರುವುದನ್ನು ಶಸ್ತ್ರ ಅನ್ನಬೇಡಿ ಎಂದು ಅಧಿಕಾರಿಗಳಿಗೆ ಬಿಡಿಸಿ ಹೇಳಿದ ಹಾಗಿದೆ ಅದು.

ಕುಶಾಲು ಸೋಲುವ ಜಾಗ

ಈ ಅಣಕವನ್ನು ಜಾಸ್ತಿ ಬಳಸುವವರು ಬಂದೂಕಿನ ಲೈಸನ್ಸೇ ಬೇಡ ಅನ್ನುವವರು. ಅವರ ವಾದ ಸರಳ. ಕುಡಗೋಲಿನಿಂದಲೂ ಕೊಲೆ ಆಗುತ್ತದೆ, ಅದಕ್ಕೆ ಲೈಸನ್ಸ್ ಇಲ್ಲ. ಕೆಟ್ಟವರು ಲೈಸನ್ಸಿಗೆ ಅರ್ಜಿ ಹಾಕುವುದಿಲ್ಲ. ಹಾಗಾದರೆ ಬಂದೂಕಿಗೆ ಮಾತ್ರ ಯಾಕೆ ಈ ಕಾಟ?

ಇದನ್ನು ಒಪ್ಪುವುದು ಕಷ್ಟ. ಕೊಡ್ಲಿ ಎತ್ತಿದವರಿಂದ ಓಡಬಹುದು, ನಾಲ್ಕು ಜನ ಸೇರಿ ತಡೆಯಬಹುದು, ಎತ್ತಿದವರ ಮನಸ್ಸು ಎರಡನೇ ಏಟಿಗೆ ಬದಲಾಗಲೂಬಹುದು. ಗುಂಡಿಗೆ ಇದು ಯಾವುದೂ ಗೊತ್ತಿಲ್ಲ. ಮದುವೆ ಮೆರವಣಿಗೆಯಲ್ಲಿ ಖುಷಿಗೆ ಹಾರಿಸಿದ ಗುಂಡಿಗೂ ಯಾರೋ ಬಲಿಯಾಗುತ್ತಾರೆ. 2019ರ ತಿದ್ದುಪಡಿಯಲ್ಲಿ ಇದಕ್ಕೆಂದೇ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಎಂದು ಸೇರಿಸಿದ್ದು ಸುಮ್ಮನೆ ಅಲ್ಲ. ಕುಡಗೋಲನ್ನು ಖುಷಿಗೆ ಗಾಳಿಯಲ್ಲಿ ಬೀಸಿದರೆ ಅರ್ಧ ಫರ್ಲಾಂಗ್ ದೂರದ ಮಾಳಿಗೆಯ ಮೇಲೆ ನಿಂತವರು ಸಾಯುವುದಿಲ್ಲ.

ಇನ್ನೊಂದು ವ್ಯತ್ಯಾಸ ಎಣಿಕೆಯದು. ಬಂದೂಕು ಕಾರ್ಖಾನೆಯಿಂದ ಬರುತ್ತದೆ, ನಂಬರ್ ಇರುತ್ತದೆ, ಅಂಗಡಿಯ ಪುಸ್ತಕದಲ್ಲಿ ದಾಖಲಾಗುತ್ತದೆ. ಈಗಂತೂ ಪ್ರತಿ ಲೈಸನ್ಸಿಗೂ ರಾಷ್ಟ್ರೀಯ ದತ್ತಾಂಶದಲ್ಲಿ ಒಂದು ವಿಶಿಷ್ಟ ಸಂಖ್ಯೆ ಇದೆ. ಎಣಿಸಲು ಆಗುವುದಕ್ಕೆ ಲೈಸನ್ಸ್ ಕೊಡಬಹುದು. ಪ್ರತಿ ಕಮ್ಮಾರಸಾಲೆಯಲ್ಲೂ ಹುಟ್ಟುವ ಕುಡಗೋಲನ್ನು ಎಣಿಸುವುದು ಯಾರು?

ಕುಡಗೋಲಿಗೆ ಲೈಸನ್ಸ್ ಇಲ್ಲ ಅಂದರೆ ಅದರಿಂದ ಮಾಡಿದ ಹಲ್ಲೆಗೆ ಶಿಕ್ಷೆ ಇಲ್ಲ ಅಂತಲೂ ಅಲ್ಲ. ಭಾರತೀಯ ನ್ಯಾಯ ಸಂಹಿತೆಯ 118ನೇ ಕಲಂ ಇರಿಯುವ, ಕತ್ತರಿಸುವ ಯಾವುದೇ ಸಾಧನದಿಂದ ಗಾಯ ಮಾಡಿದರೆ ಹೆಚ್ಚಿನ ಶಿಕ್ಷೆ ಹೇಳುತ್ತದೆ. ಅಲ್ಲಿ ಅದು ಕೃಷಿಯ ಸಾಮಾನೋ ಯುದ್ಧದ ಸಾಮಾನೋ ಎಂಬ ಪ್ರಶ್ನೆ ಏಳುವುದಿಲ್ಲ. ವಸ್ತುವನ್ನು ಬಿಟ್ಟು ಕೃತ್ಯವನ್ನು ಹಿಡಿಯುವ ದಾರಿ ಇದು. ನೂರು ಕೆಲಸ ಮಾಡುವ ವಸ್ತುವಿಗೆ ಈ ದಾರಿಯೇ ಸರಿ. ಒಂದೇ ಕೆಲಸಕ್ಕೆ ಹುಟ್ಟಿದ ವಸ್ತುವಿಗೆ ಮುಂಚೆಯೇ ಲೈಸನ್ಸ್ ಕೇಳುವುದೂ ಸರಿ.

ಬೇರೆ ದೇಶಗಳೂ ಈ ಗೆರೆಯ ಹತ್ತಿರವೇ ಒದ್ದಾಡುತ್ತಿವೆ. ಚೂರಿ ಇರಿತದಿಂದ ಕಂಗೆಟ್ಟ ಬ್ರಿಟನ್ 2024ರ ಸೆಪ್ಟೆಂಬರಿನಲ್ಲಿ ‘ಜೋಂಬಿ’ ಮಾದರಿಯ ಮಚ್ಚುಗಳನ್ನು, 2025ರ ಆಗಸ್ಟ್ 1ರಿಂದ ‘ನಿಂಜಾ’ ಕತ್ತಿಗಳನ್ನು ನಿಷೇಧಿಸಿತು. ಅಲ್ಲಿ 18 ತುಂಬದವರಿಗೆ ಚೂರಿ ಮಾರುವಂತಿಲ್ಲ. 3 ಇಂಚಿನವರೆಗಿನ ಮಡಚುವ ಸಣ್ಣ ಚಾಕು ಬಿಟ್ಟು ಬೇರೆ ಯಾವ ಚೂರಿಯನ್ನೂ ಸರಿಯಾದ ಕಾರಣ ಇಲ್ಲದೆ ಬೀದಿಗೆ ತರುವಂತಿಲ್ಲ. ಇಷ್ಟು ಬಿಗಿ ಮಾಡಿದ ಬ್ರಿಟನ್ನಿನಲ್ಲೂ ಅಡುಗೆಮನೆಯ ಚಾಕು ಇಟ್ಟುಕೊಳ್ಳಲು ಲೈಸನ್ಸ್ ಬೇಕಿಲ್ಲ. ಕೆಲಸಕ್ಕೆ ಒಯ್ಯುತ್ತಿದ್ದೇನೆ ಅನ್ನುವುದು ಅಲ್ಲೂ ಒಪ್ಪುವ ಕಾರಣ.

ಕುಶಾಲು ಚುಚ್ಚುವ ಜಾಗ

ಹಾಗಾದರೆ ಈ ಅಣಕ ಪೂರ್ತಿ ಟೊಳ್ಳೇ? ಇಲ್ಲ. ಅದು ಚುಚ್ಚುವ ಜಾಗ ಬೇರೆ ಕಡೆ ಇದೆ.

ಖಾನಾಪುರದ ಕಾಡಂಚಿನ ರೈತರ ಬಂದೂಕನ್ನು ತೆಗೆದುಕೊಳ್ಳಿ. ಹಂದಿ, ಕಾಟಿ, ಆನೆ ಹೊಲಕ್ಕೆ ಇಳಿಯುವ ಸೀಮೆ ಅದು. ಬೆಳೆ ರಕ್ಷಣೆಗೆ ಬಂದೂಕಿನ ಲೈಸನ್ಸ್ ಕೊಡಬಹುದು ಎಂದು ಕಾಯ್ದೆಯೇ ಹೇಳುತ್ತದೆ. ಆಸ್ತಿ ಸಾಲದು ಎಂಬ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕರಿಸುವಂತಿಲ್ಲ, ತಿರಸ್ಕರಿಸಿದರೆ ಕಾರಣ ಬರೆಯಬೇಕು ಎಂಬ ಮಾತೂ ಅದರಲ್ಲಿದೆ. ಬಂದೂಕು ಇದೆ ಅಂತ ಪ್ರಾಣಿಯನ್ನು ಕೊಲ್ಲುವಂತಿಲ್ಲ, ಅದಕ್ಕೆ 1972ರ ವನ್ಯಜೀವಿ ಕಾಯ್ದೆ ಅಡ್ಡ ಇದೆ. ಹೆಚ್ಚಿನವರಿಗೆ ಅದು ಸದ್ದು ಮಾಡಿ ಓಡಿಸುವ ಸಾಮಾನು. ಹಲಗಲಿಯ ಹಾಗೆ ಇಲ್ಲೂ ಶಸ್ತ್ರ ಮತ್ತು ಸಾಮಾನು ಒಂದೇ ವಸ್ತುವಿನಲ್ಲಿ ಕೂತಿವೆ.

ಚುನಾವಣೆ ಘೋಷಣೆ ಆದ ಕೂಡಲೇ ಬಂದೂಕನ್ನು ಠಾಣೆಗೆ ಒಪ್ಪಿಸಿ ಎಂಬ ಆದೇಶ ಬರುತ್ತದೆ. ಚುನಾವಣಾ ಆಯೋಗದ ಸೂಚನೆ ಪ್ರಕಾರ ಯಾರ ಬಂದೂಕು ಒಪ್ಪಿಸಿಕೊಳ್ಳಬೇಕು ಎಂಬುದನ್ನು ಪರಿಶೀಲನಾ ಸಮಿತಿ ಒಬ್ಬೊಬ್ಬರ ಹಿನ್ನೆಲೆ ನೋಡಿ ತೀರ್ಮಾನಿಸಬೇಕು. ಎಲ್ಲರಿಗೂ ಒಂದೇ ಆದೇಶ ಹೊರಡಿಸುವುದು ಸರಿಯಲ್ಲ ಎಂದು ಬಾಂಬೆ ಮತ್ತು ಅಲಹಾಬಾದ್ ಹೈಕೋರ್ಟುಗಳು ಹೇಳಿವೆ. ಆದರೂ ಸುಲಭದ ದಾರಿ ಎಲ್ಲರಿಗೂ ಒಂದೇ ಆದೇಶ. ಹಂದಿಗೆ ನೀತಿಸಂಹಿತೆ ಅನ್ವಯಿಸುವುದಿಲ್ಲವಲ್ಲ. ಆ ತಿಂಗಳಲ್ಲೇ ಭತ್ತ, ಜೋಳ ಹಾಲುಗಾಳಿನಲ್ಲಿದ್ದರೆ ರೈತರು ತಗಡು ಬಡಿಯುತ್ತಾ ರಾತ್ರಿ ಕಳೆಯುತ್ತಾರೆ.

ಕೊಡಗಿನಲ್ಲಿ ಕೊಡವರಿಗೆ ಮತ್ತು ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೆ ಲೈಸನ್ಸಿನಿಂದ ವಿನಾಯಿತಿ ಇದೆ. ಅದು 2029ರ ಅಕ್ಟೋಬರ್ 31ರವರೆಗೆ ಮುಂದುವರಿದಿದೆ, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿದಿದೆ. ಅದರಂತೆ ನಮಗೂ ಕೊಡಿ ಅನ್ನುವ ವಾದ ಉತ್ತರ ಕರ್ನಾಟಕದಲ್ಲಿ ನಿಲ್ಲುವುದು ಕಷ್ಟ. ಅಲ್ಲಿಯ ವಿನಾಯಿತಿಗೆ ಅಲ್ಲಿಯದೇ ಇತಿಹಾಸ ಇದೆ. ನಮ್ಮ ರೈತರು ವಿನಾಯಿತಿ ಕೇಳುವುದಕ್ಕಿಂತ ಗಡುವಿನೊಳಗೆ ತೀರ್ಮಾನ, ಚುನಾವಣೆ ಹೊತ್ತಿನಲ್ಲಿ ಒಬ್ಬೊಬ್ಬರ ಪರಿಶೀಲನೆ ಕೇಳಿದರೆ ಸಿಗುವ ಸಾಧ್ಯತೆ ಜಾಸ್ತಿ. ಎರಡೂ ಈಗಾಗಲೇ ನಿಯಮದಲ್ಲೇ ಇವೆ.

ಮುಂದೇನು?

ತಲವಾರಿನ ವಿಡಿಯೊಗಳು ಹೆಚ್ಚಾದಷ್ಟೂ ಕಾನೂನು ಬಿಗಿ ಮಾಡಿ ಎಂಬ ಕೂಗು ಏಳುತ್ತದೆ. ಬಿಗಿ ಎಲ್ಲಿ ಮಾಡುತ್ತಾರೆ ಎಂಬುದರ ಮೇಲೆ ಪರಿಣಾಮ ನಿಂತಿದೆ. ಆನ್‌ಲೈನಿನಲ್ಲಿ ಅಲಂಕಾರದ ಹೆಸರಿನಲ್ಲಿ ಮಾರುವ ತಲವಾರುಗಳ ಮೇಲೆ ಕಣ್ಣಿಟ್ಟರೆ ರೈತರಿಗೆ ಅದರಿಂದ ತೊಂದರೆ ಇಲ್ಲ. ಅಲ್ಲಿ ಮಾರಿದವರು, ಕೊಂಡವರು, ತಲುಪಿಸಿದವರು ಮೂವರೂ ದಾಖಲೆಯಲ್ಲಿ ಸಿಗುತ್ತಾರೆ. ಅದನ್ನು ಬಿಟ್ಟು ಅಲಗಿನ ಅಳತೆಯನ್ನೇ ಇನ್ನಷ್ಟು ಕಡಿಮೆ ಮಾಡಿದರೆ ಮೊದಲು ಬಲೆಗೆ ಬೀಳುವವರು ಸಾಮಾನು ಜೊತೆಗಿಟ್ಟುಕೊಂಡೇ ಓಡಾಡಬೇಕಾದವರು: ಕಬ್ಬಿನ ಗ್ಯಾಂಗು, ಬಡಿಗರು, ಮಾಂಸದಂಗಡಿಯವರು, ಎಳನೀರಿನವರು. ಕೇಕ್ ಕತ್ತರಿಸುವ ಹುಡುಗರು ಎರಡು ದಿನ ತಲವಾರನ್ನು ಹುಲ್ಲಿನ ಬಣವೆಯಲ್ಲಿ ಬಚ್ಚಿಟ್ಟು ಕಾಯಬಲ್ಲರು. ಗ್ಯಾಂಗಿನವರಿಗೆ ಕಾಯಲು ಆಗುವುದಿಲ್ಲ. ಹಂಗಾಮು ಮುಗಿಯುವುದರೊಳಗೆ ಮುಕಾದಮ್ ಹತ್ತಿರ ತೆಗೆದುಕೊಂಡ ಮುಂಗಡ ತೀರಬೇಕು.

ಈಗಿನ ಕಾನೂನಿನಲ್ಲೇ ನಿಷೇಧಾಜ್ಞೆಯ ದಿನ ಇಂಥ ಗ್ಯಾಂಗಿನ ಟ್ರ್ಯಾಕ್ಟರ್ ನಾಕಾದಲ್ಲಿ ನಿಂತರೆ ಏನಾಗುತ್ತದೆ ಎಂಬುದು ಆ ಹೊತ್ತಿಗೆ ಅಲ್ಲಿರುವ ಪೊಲೀಸರ ಮೇಲೆ ಹೋಗುತ್ತದೆ. ‘ಯಾವುದೇ ವಸ್ತು’ ಎಂಬ ಆದೇಶದ ಮಾತಿಗೆ ಅಂಚು ಇಲ್ಲ. ಹೆಚ್ಚಿನ ಸಲ ನೋಡಿ, ಹೋಗ್ರಿ ಅಂದು ಬಿಡುತ್ತಾರೆ. ಬಿಡದಿದ್ದರೆ ಪಂಚನಾಮೆ ಬರೆಯುತ್ತಾರೆ. ಆಗ ಕುಂಟೆಯ ಪಕ್ಕ, ರೊಟ್ಟಿಯ ಗಂಟಿನ ಕೆಳಗೆ, ಹರಕು ಸೀರೆಯಲ್ಲಿ ಸುತ್ತಿಟ್ಟ ಕತ್ತಿಗಳು ಹೊರಬರುತ್ತವೆ. ಬರೆಯುವವರು ಅದನ್ನು ‘ಕಬ್ಬು ಕಡಿಯುವ ಕೊಯ್ತಾ, 20’ ಎಂದು ಬರೆದರೆ ಪ್ರಕರಣ ಅಲ್ಲೇ ಸಡಿಲ. ಎಷ್ಟು ಇಂಚು ಅಗಲ, ಎಲ್ಲಿಂದ ಎಲ್ಲಿಗೆ ಹೊರಟಿದ್ದರು, ಯಾವ ಕಾರ್ಖಾನೆಯ ಕೆಲಸ ಎಂಬುದನ್ನೂ ಸೇರಿಸಿದರೆ ಕೋರ್ಟಿಗೆ ಹೋಗುವ ಪ್ರಮೇಯವೇ ಬಾರದು. ‘ಮಾರಕಾಸ್ತ್ರಗಳು, 20’ ಎಂದು ಬರೆದರೆ ಗ್ಯಾಂಗಿಗೆ ಆ ಹಂಗಾಮು ಅಲ್ಲಿಗೆ ಮುಗಿಯಿತು. ಸಿಕ್ಕಿಬಿದ್ದವರು ಪಂಚನಾಮೆಗೆ ಸಹಿ ಹಾಕುವ ಮುಂಚೆ ಆ ಸಾಲನ್ನು ಒಮ್ಮೆ ಗಟ್ಟಿಯಾಗಿ ಓದಿ ಹೇಳ್ರಿ ಅಂತ ಕೇಳಬಹುದು.